ಸೀನಿಗೆ ಓಗೊಡುತ್ತಿದ್ದ ಹುಂಜ

ಮೊನ್ನೆ ಬೇಡದ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದಾಗ ನನ್ನ ಹಳೆಯ ಮಳೆಕೋಟಿನ ಜೇಬಿನಲ್ಲಿ ಏನೋ ಗಟ್ಟಿಯಾದದ್ದು ಕೈಗೆ ಸಿಕ್ಕಿತು. ತೆಗೆದು ನೋಡಿದರೆ ಒಂದು ಮರದ ಡಬ್ಬಿ. ಕನ್ನಡಕದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಅದರ ಮುಚ್ಚಳವನ್ನು ಒಂದು ತುದಿಯಲ್ಲಿ ಮಾತ್ರ ತಿರುಪು ಹಾಕಿ ಕೂರಿಸಿದ್ದರು. ಮುಚ್ಚಳವನ್ನು ಪಕ್ಕಕ್ಕೆ ಎಳೆದರೆ ಡಬ್ಬಿಯ ಅಂಚಿಗೆ ಉಜ್ಜಿ ಟರ್ಕಿ ಹೇಂಟೆಯ ದನಿ ಹೊರಡುತ್ತದೆ. ದನಿ ಸರಿಯಾಗಿ ಬರಬೇಕಾದರೆ ಒಳಮೈಗೆ ಸೀಮೆಸುಣ್ಣ ಬಳಿಯಬೇಕು. ಆ ಸುಣ್ಣದ ಪುಡಿ ಇನ್ನೂ ಹಾಗೇ ಇತ್ತು. ಮೂಗಿನ ಹತ್ತಿರ ಹಿಡಿದೆ. ಸುಣ್ಣ, ಹಳೇ ಮರ, ಒದ್ದೆ ಹುಲ್ಲು... ಆ ವಾಸನೆಯ ಹಿಂದೆಯೇ ಬಾಯಮ್ಮ ಬಂದು ನಿಂತರು.

"ವಾಟ್ಸ್ ದಟ್ ಯೋಕ್, ಡ್ಯಾಡ್?" ಎಂದಳು ಮಗಳು. ಹೆಸರು ಗೊತ್ತಿಲ್ಲದ ವಸ್ತುವಿಗೆಲ್ಲ ಈ ಪರದೇಶದ ಮಕ್ಕಳು 'ಯೋಕ್' ಎನ್ನುತ್ತಾರೆ.

"ಕೋಳಿ ಕರೆಯೋ ಡಬ್ಬಿ ಕಣಮ್ಮ" ಎಂದೆ. "ಗ್ರ್ಯಾಂಡ್", ಅಂದರೆ ಸರಿ, ಎಂದು ಅವಳು ತನ್ನ ಫೋನಿಗೆ ತಿರುಗಿದಳು. ಅವಳಿಗೆ ಬಾಯಮ್ಮನ ನೆನಪಿಲ್ಲ. ಆಗ ಅವಳಿನ್ನೂ ತೊಡೆಯ ಮೇಲಿನ ಕೂಸು.

ಈಗ ನಾವಿರುವುದು ಆಡಮ್ಸ್‌ಟೌನಿನಲ್ಲಿ. ಆಗ ಲೀಕ್ಸ್‌ಲಿಪ್ಪಿನ ಅಂಚಿನಲ್ಲಿ, ನನ್ನ ಕೆಲಸದ ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದ್ದೆವು. ನಮ್ಮ ಸಾಲಿನ ಕೊನೆಗೆ, ಹೊಸ ಮನೆಗಳೆಲ್ಲ ಮುಗಿದ ಮೇಲೆ, ಒಂದು ಹಳೆಯ ಮನೆ ಇತ್ತು. ಅದರ ಹಿತ್ತಲು ದೊಡ್ಡದು. ಹಿತ್ತಲಿನಾಚೆ ಬಾರ್ಲಿ ಹೊಲ, ಹೊಲದಾಚೆ ಕಾಲುವೆ. ಆ ಮನೆಯಲ್ಲಿದ್ದವರು ನಿವೃತ್ತ ನರ್ಸ್. ಮಂಗಳೂರು ಕಡೆಯ ಕ್ಯಾಥಲಿಕ್ ಹೆಂಗಸು. "ನಮ್ಮ ಕಡೆ ನಮ್ಮಂಥವರನ್ನು ಬಾಯಮ್ಮ ಅಂತ ಕರೆಯುವುದು, ನೀನೂ ಹಾಗೇ ಕರಿ. ಆಂಟಿ ಗೀಂಟಿ ಎಲ್ಲ ನನಗೆ ಆಗುವುದಿಲ್ಲ" ಎಂದು ಮೊದಲ ದಿನವೇ ಹೇಳಿದ್ದರು. ಮಾತು ಒರಟು, ಕೈ ಧಾರಾಳ. ಕೋಳಿಗಳ ವಿಷಯದಲ್ಲಿ ತಮಗೆ ತಿಳಿಯದ್ದು ಇಲ್ಲವೆಂದು ನಂಬಿದ್ದರು. ಆ ನಂಬಿಕೆಗೆ ಬಹಳ ಆಧಾರವಿರಲಿಲ್ಲವೆಂಬುದು ನನಗೆ ಒಂದು ವಸಂತದಲ್ಲಿ ಚೆನ್ನಾಗಿ ಗೊತ್ತಾಯಿತು.

ಕೋಳಿಗಳನ್ನು ನಿಜವಾಗಿ ಬಲ್ಲವರು ಅವರ ಯಜಮಾನರು. ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಕಂಚಿನ ಬಣ್ಣದ ಟರ್ಕಿ ಕೋಳಿ ಸಾಕುತ್ತಿದ್ದರು. ಅವರ ಸೀನು ನಮ್ಮ ಸಾಲಿಗೇ ಪ್ರಸಿದ್ಧ. ಸೀನಿದರೆ ನಮ್ಮ ಅಡುಗೆಮನೆಯ ಪಾತ್ರೆ ಅದುರುತ್ತಿತ್ತು ಎಂದರೆ ಸುಳ್ಳಾಗಬಹುದು, ಆದರೆ ಕೇಳುತ್ತಿದ್ದುದಂತೂ ನಿಜ. ಅವರು ಸೀನಿದ ಕೂಡಲೇ ಶೆಡ್ಡಿನಿಂದ ದೊಡ್ಡ ಹುಂಜ ಕತ್ತು ಚಾಚಿ ಗುಳಗುಳಗುಳ ಎಂದು ಓಗೊಡುತ್ತಿತ್ತು. ಅದರ ಹಿಂದೆಯೇ ಮನೆಯೊಳಗಿನಿಂದ ಬಾಯಮ್ಮ "ಜೆಜು!" ಎನ್ನುತ್ತಿದ್ದರು. ಯೇಸುವಿನ ಹೆಸರು. ನಮ್ಮಲ್ಲಿ ಚಿರಂಜೀವಿ ಎನ್ನುವುದಿಲ್ಲವೇ, ಹಾಗೆ. ಸೀನು, ಗುಳಗುಳ, ಜೆಜು. ಮೂರೂ ಮುಗಿದ ಮೇಲೆ ನಮ್ಮ ಮನೆಯಾಕೆ ನಗುತ್ತಿದ್ದಳು.

ಒಂದು ಚಳಿಗಾಲದಲ್ಲಿ ಯಜಮಾನರು ತೀರಿಕೊಂಡರು. ಆ ಕ್ರಿಸ್ಮಸ್ಸಿಗೆ ಬಾಯಮ್ಮ ಒಂದೂ ಕೋಳಿ ಕೊಯ್ಯಿಸಲಿಲ್ಲ. ಜನವರಿಯಲ್ಲಿ ಬಂದ ಬಿರುಗಾಳಿ ಶೆಡ್ಡಿನ ತಗಡನ್ನು ಹೊಲದ ನಡುವೆ ಎಸೆಯಿತು. ಹುಂಜವೂ ಹೇಂಟೆಗಳೂ ಹಾರಿಹೋಗಿ ಕಾಲುವೆಯ ದಡದ ಮರಗಳಲ್ಲಿ ಕೂತವು. ಬಾಯಮ್ಮ ತಗಡು ಹೊಡೆಸಿದರು, ಕಾಳು ಇಟ್ಟರು, ಬಾಗಿಲು ತೆರೆದಿಟ್ಟರು. ಹೊರಗಿನ ಗಾಳಿ ಕುಡಿದವು ಒಳಗೆ ಬರಲು ಒಪ್ಪಲಿಲ್ಲ.

ವಸಂತ ಬಂದ ಮೇಲೆ ಹುಂಜಕ್ಕೆ ಮದವೇರಿತು. ಮೂತಿಯೆಲ್ಲ ಕೆಂಪು ನೀಲಿ, ಬಾಲ ಬೀಸಣಿಗೆ. ರಸ್ತೆ ಬದಿ ನಿಲ್ಲಿಸಿದ ಕಾರುಗಳ ಹೊಳಪಿನಲ್ಲಿ ತನ್ನನ್ನೇ ಕಂಡು ಯಾರೋ ಎದುರಾಳಿ ಎಂದುಕೊಂಡು ಕುಕ್ಕಿ ಗೀರತೊಡಗಿತು. ಹೊಸ ಎಲೆಕ್ಟ್ರಿಕ್ ಕಾರು ಕೊಂಡವರು ಹೌಹಾರಿದರು. ಜತೆಗೆ ಇಡೀ ತಂಡ ಸೇರಿ ಹೊಲದ ಮೊಳಕೆಯನ್ನು ಕೆದಕಿತು. ಹೊಲದ ಯಜಮಾನ ಒಳ್ಳೆಯ ಮನುಷ್ಯ. ಟೋಪಿ ತೆಗೆದು ಬಾಯಮ್ಮನ ಬಾಗಿಲಲ್ಲಿ ನಿಂತು, ಈಸ್ಟರ್ ಮುಗಿಯುವವರೆಗೆ ಕಾಯುತ್ತೇನೆ, ಆಮೇಲೆ ಬಂದೂಕು ತರದೆ ವಿಧಿಯಿಲ್ಲ, ಹೇಂಟೆಗಳನ್ನು ಬಿಡುತ್ತೇನೆ, ಹುಂಜವನ್ನು ಬಿಡಲಾರೆ ಎಂದು ಹೇಳಿಹೋದ.

ಅದೇ ಸಂಜೆ ಬಾಯಮ್ಮ ನಮ್ಮ ಮನೆಗೆ ಬಂದರು. ಮೈಮೇಲೆ ಯಜಮಾನರ ಜಾಕೆಟ್ಟು. ತೋಳು ಮಡಚಿ ಮಡಚಿ ಮೊಣಕೈಗೆ ಬಂದಿತ್ತು.

"ನೋಡು ಮಾರಾಯ, ಅದಕ್ಕೆ ಗುಂಡು ಹೊಡೆಯಲಿಕ್ಕೆ ನಾನು ಬಿಡುವುದಿಲ್ಲ. ಈಸ್ಟರಿನ ಒಳಗೆ ಜೀವಂತ ಹಿಡಿದು ಶೆಡ್ಡಿಗೆ ಹಾಕ್ತೇನೆ. ನೀನು ಬರ್ತೀಯಾ, ಇಲ್ವಾ?"

"ಬಾಯಮ್ಮ, ನನಗೆ ಕೋಳಿ ಅಂದ್ರೆ ಅಂಗಡೀಲಿ ಕಟ್ ಮಾಡಿ ಕವರಿಗೆ ಹಾಕ್ಕೊಡೋದಷ್ಟೇ ಗೊತ್ತು."

"ಒಳ್ಳೆಯದೇ ಆಯ್ತು. ಗೊತ್ತಿಲ್ಲದವ ಹೇಳಿದ್ದು ಕೇಳ್ತಾನೆ."

ಹೀಗೆ ನನ್ನ ರಜೆಯ ಬೆಳಗುಗಳೆಲ್ಲ ಬಾಯಮ್ಮನ ಪಾಲಾದವು. ಕಾರ್ಖಾನೆಯಲ್ಲಿ ಉದ್ದುದ್ದ ಶಿಫ್ಟು ಮಾಡಿ ಬಂದವನಿಗೆ ಸಿಗುವ ರಜೆಯಲ್ಲಿ ಮಲಗುವ ಬದಲು, ಬೆಳಕು ಹರಿಯುವ ಮುಂಚೆ ಒದ್ದೆ ಬೇಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂರುವುದು. ಯಜಮಾನರು ಅಮೆರಿಕದಿಂದ ತರಿಸಿಕೊಂಡಿದ್ದ ಈ ಡಬ್ಬಿಯನ್ನು ಬಾಯಮ್ಮ ಉಜ್ಜುತ್ತಿದ್ದರು. ಮೊದಮೊದಲು ಅದರಿಂದ ಹೊರಟದ್ದು ಹೇಂಟೆಯ ದನಿಯಲ್ಲ, ಎಣ್ಣೆ ಕಾಣದ ಬಾಗಿಲಿನ ಕಿರುಗುಟ್ಟು. ನಾನು ನಕ್ಕೆ. ತಲೆಗೆ ಒಂದು ಬಿತ್ತು.

ಹುಂಜ ಮಾತ್ರ ಮರ್ಯಾದಸ್ಥ. ಮರದ ಮೇಲಿಂದಲೇ ಪ್ರತಿ ಕರೆಗೂ ಉತ್ತರ ಕೊಡುತ್ತಿತ್ತು. "ಬರ್ತದೆ, ಈಗ ಬರ್ತದೆ ನೋಡು" ಎಂದು ಬಾಯಮ್ಮ ನನ್ನ ತೋಳು ಹಿಂಡುತ್ತಿದ್ದರು. ಆಮೇಲೆ ಹೇಂಟೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಹುಂಜವೂ ದೊಪ್ಪನೆ ಇಳಿದು, ಬಾಲ ಬಿಚ್ಚಿ, ನಮ್ಮ ಕಡೆಗೊಮ್ಮೆ ನೋಡಿ, ಹೇಂಟೆಗಳ ಹಿಂದೆ ಬೇರೆ ದಿಕ್ಕಿಗೆ ಹೋಗಿಬಿಡುತ್ತಿತ್ತು. ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು. ಕಣ್ಣೆದುರಿಗೆ ತನ್ನ ಸಂಸಾರವೆಲ್ಲ ಇರುವಾಗ ಬೇಲಿಯೊಳಗಿನ ಡಬ್ಬಿಗೆ ಅದು ಯಾಕೆ ಸೊಪ್ಪು ಹಾಕೀತು?

ಬೇರೆ ದಿಕ್ಕು ಎಂದರೆ ಯಾವುದು ಎಂಬುದೇ ದೊಡ್ಡ ತಲೆನೋವು. ಒಂದು ದಿನ ರೈಲು ನಿಲ್ದಾಣದ ಕಡೆ, ಇನ್ನೊಂದು ದಿನ ನಮ್ಮ ಸಾಲಿನ ಹಿಂದೆ, ಮತ್ತೊಂದು ದಿನ ಆಟದ ಮೈದಾನದತ್ತ. ನಿನ್ನೆ ಹೋದ ದಾರಿಯಲ್ಲಿ ಇವತ್ತು ಕೂತರೆ ಇವತ್ತು ಅತ್ತ ತಲೆ ಹಾಕುತ್ತಿರಲಿಲ್ಲ. ಬಾಯಮ್ಮ ಅದಕ್ಕೆ ಗಾಳಿ, ಚಂದ್ರ, ಇಬ್ಬನಿ ಎಂದು ದಿನಕ್ಕೊಂದು ಕಾರಣ ಹೇಳುತ್ತಿದ್ದರು. ನಾನೂ ಸುಮ್ಮನಿರದೆ ಒಂದು ಉಪಾಯ ಹೇಳಿದೆ. ಕಾರಿನ ಹೊಳಪಿಗೆ ಬರುವುದಾದರೆ ಕನ್ನಡಿಗೂ ಬಂದೀತು. ನಮ್ಮ ಬಚ್ಚಲಿನ ಕನ್ನಡಿ ಕಳಚಿ ತಂದು ಶೆಡ್ಡಿನೊಳಗೆ ನಿಲ್ಲಿಸಿದೆವು. ಹುಂಜ ದೂರದಿಂದ ನೋಡಿ ಧಾವಿಸಿತು, ಅರ್ಧ ಹಿತ್ತಲು ದಾಟಿತು... ಅಷ್ಟರಲ್ಲಿ ಹೇಂಟೆಗಳು ಬೇಲಿ ನುಸುಳಿದವು. ಜಗಳವನ್ನು ಅಲ್ಲಿಗೇ ಬಿಟ್ಟು ಅವುಗಳ ಹಿಂದೆ ಓಡಿತು. ಬಾಯಮ್ಮ ಸಿಟ್ಟಿನಲ್ಲಿ ಬಾಗಿಲನ್ನು ಒದ್ದರು. ಕನ್ನಡಿ ಒಡೆಯಿತು. ಒಡೆದ ಕನ್ನಡಿ ಮನೆಗೆ ಒಳ್ಳೆಯದಲ್ಲವೆಂದು ನಮ್ಮ ಮನೆಯಾಕೆ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಒಂದು ಬೆಳಗ್ಗೆ ಮಳೆ ಜೋರಾಗಿ, ಕಾಲುವೆಯ ಸೇತುವೆಯ ಕೆಳಗೆ ನಿಂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದೆವು. ನನಗೆ ಸಾಕಾಗಿತ್ತು. "ಬಾಯಮ್ಮ, ಇದನ್ನ ಬಿಟ್ಟು ಬೇರೆ ಹುಂಜ ತರೋಣ. ಪಕ್ಕದ ಮೀತ್ ಜಿಲ್ಲೆ ಕಡೆ ಸಿಗುತ್ತಂತೆ" ಎಂದೆ.

ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು.

"ಮೊನ್ನೆ ನನಗೆ ಶೀತ ಆಗಿತ್ತಲ್ಲ? ಬೆಡ್‌ರೂಮಲ್ಲಿ ಒಬ್ಬಳೇ ಇದ್ದೆ. ಒಂದು ಸೀನು ಬಂತು. ಅಷ್ಟು ದೂರದಿಂದ, ಹೊಲದ ಆಚೆಯಿಂದ, ಅದು ಗುಳಗುಳ ಅಂತು. ಅವರಿಗೆ ಹೇಳಿದ ಹಾಗೇ. ಆ ಮನೆಯಲ್ಲಿ ನನ್ನ ಹತ್ತಿರ ಮಾತಾಡುವುದು ಅದೊಂದೇ ಉಳಿದದ್ದು. ಬೇರೆ ಹುಂಜ ತಂದು ನಾನು ಎಂತ ಮಾಡ್ಲಿ?"

ಮದವೇರಿದ ಟರ್ಕಿ ಹುಂಜ ಯಾವ ದೊಡ್ಡ ಸದ್ದಿಗಾದರೂ ಕೂಗುತ್ತದೆ, ಕಾರಿನ ಬಾಗಿಲು ಬಡಿದರೂ ಕೂಗುತ್ತದೆ, ಗುಡುಗಿದರೂ ಕೂಗುತ್ತದೆ ಎಂದು ನಾನು ಅಷ್ಟರಲ್ಲಿ ಎಲ್ಲೋ ಓದಿದ್ದೆ. ಆದರೂ ಲೋಟದಲ್ಲಿ ಉಳಿದ ಚಹಾ ಚೆಲ್ಲಿ, "ನಾಳೆ ಎಷ್ಟೊತ್ತಿಗೆ ಬರಲಿ?" ಎಂದು ಕೇಳಿದೆ.

ಯುಗಾದಿಗೆ ನಮ್ಮ ಮನೆಯಲ್ಲಿ ನಾಲ್ಕು ಜನರನ್ನು ಕರೆದು ಊಟ ಹಾಕಿದೆವು. ಮರುದಿನ ಬೆಳಗ್ಗೆ ನಾನೂ ಬಾಯಮ್ಮನೂ ಹೊಲವೆಲ್ಲ ಸುತ್ತಿದರೂ ಕೋಳಿಗಳ ಸುಳಿವಿಲ್ಲ. ಸುಸ್ತಾಗಿ ವಾಪಸ್ಸು ಬಂದರೆ ಅಡುಗೆಮನೆಯ ಕಿಟಕಿಯಿಂದ ಮನೆಯಾಕೆ ಕೈ ಬೀಸಿ ಕರೆಯುತ್ತಿದ್ದಾಳೆ. ನಮ್ಮ ಹಿತ್ತಲಿನ ಬೇಲಿಯ ಆಚೆ ಅಷ್ಟೂ ಹೇಂಟೆಗಳು ತಲೆ ತಗ್ಗಿಸಿ ಮೇಯುತ್ತಿವೆ. ಹುಂಜ ಬಾಲ ಬಿಚ್ಚಿ ಕಾವಲು ನಿಂತಿದೆ. ಮೇಯುತ್ತಿದ್ದುದು ಹಿಂದಿನ ರಾತ್ರಿ ಉಳಿದ ನಮ್ಮ ಬಿಸಿಬೇಳೆಬಾತು!

"ಇದು ಯಾವಾಗಿಂದ ಹಾಕ್ತಾ ಇದ್ದೀ?" ಎಂದರು ಬಾಯಮ್ಮ, ದನಿ ತಗ್ಗಿಸಿ.

"ಮೊದ್ಲಿಂದಾನೂ ಹಾಕ್ತೀನಿ ಬಾಯಮ್ಮ. ಅನ್ನ ಬಿನ್‌ಗೆ ಹಾಕಬಾರದಲ್ವಾ? ಇಲ್ಲಿ ಕಾಗೆಗಳು ಅಷ್ಟು ಬರಲ್ಲ, ಯಾವ್ದಾದ್ರೂ ಹಕ್ಕಿ ತಿನ್ನಲಿ ಅಂತ. ಎಲ್ರೂ ಹಾಕ್ತಾರೆ."

"ಎಲ್ರೂ ಅಂದ್ರೆ?"

ಎಲ್ಲರೂ ಎಂದರೆ ಎಲ್ಲರೂ. ನಿಲ್ದಾಣದ ಕಡೆಯ ಕನ್ನಡದವರು, ಮೈದಾನದ ಪಕ್ಕದ ತೆಲುಗಿನವರು, ಮಾಸ್ಟರ್ಸ್ ಓದುತ್ತ ಒಂದೇ ಮನೆಯಲ್ಲಿ ತುಂಬಿಕೊಂಡಿದ್ದ ಹುಡುಗರು. ಅನ್ನವನ್ನು ಕಸಕ್ಕೆ ಹಾಕಿದರೆ ಅನ್ನಪೂರ್ಣೆ ಮುನಿಯುತ್ತಾಳೆಂದು ಎಲ್ಲರೂ ತಂತಮ್ಮ ಹಿತ್ತಲಿನ ಆಚೆ ಸುರಿಯುತ್ತಿದ್ದರು. ಯಾರ ಮನೆಯಲ್ಲಿ ನೆಂಟರೋ ಮರುದಿನ ಅಲ್ಲಿ ಹೇಂಟೆ. ಹೇಂಟೆ ಎಲ್ಲೋ ಹುಂಜ ಅಲ್ಲಿ. ಗಾಳಿಯೂ ಅಲ್ಲ, ಚಂದ್ರನೂ ಅಲ್ಲ. ಬಾಯಮ್ಮ ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ದೇವರೇ! ಗದ್ದೆಯಲ್ಲಿ ನಾನು ಹುಚ್ಚಿಯ ಹಾಗೆ ಓಡುವುದು, ಇಲ್ಲಿ ನೀವೆಲ್ಲ ಸೇರಿ ಅದಕ್ಕೆ ಮದುವೆ ಊಟ ಹಾಕುವುದು!"

ಆ ಮಧ್ಯಾಹ್ನವೇ ವಾಟ್ಸಾಪ್ ಗುಂಪಿಗೆ ಆಜ್ಞೆ ಹೋಯಿತು. ಈಸ್ಟರ್ ಮುಗಿಯುವವರೆಗೆ ಯಾರೂ ಅನ್ನ ಹೊರಗೆ ಹಾಕಬಾರದು, ಉಳಿದದ್ದನ್ನೆಲ್ಲ ಬಾಯಮ್ಮನ ಮನೆಗೆ ತಲುಪಿಸಬೇಕು. ಜನ ತಲುಪಿಸಿದರು. ಐಸ್‌ಕ್ರೀಮ್ ಡಬ್ಬಿಗಳಲ್ಲಿ ಚಿತ್ರಾನ್ನ, ಪುಲಾವು, ಮೊಸರನ್ನ ಸಾಲುಸಾಲಾಗಿ ಬಂದವು. ಬಾಯಮ್ಮ ತಾವು ಈಸ್ಟರ್ ಮುಂಚಿನ ಉಪವಾಸದಲ್ಲಿದ್ದುಕೊಂಡು ಕೋಳಿಗಳಿಗೆ ಹಬ್ಬ ಬಡಿಸಿದರು. ಮೆಣಸಿನಕಾಯಿ ಆರಿಸಿ ತೆಗೆಯುವ ಕೆಲಸ ನನ್ನದು. ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಎನ್ನುವುದು ಗಾದೆ. ನಾವು ಅರೆದ ಮಸಾಲೆಯನ್ನು ಕೋಳಿಗೋಸ್ಕರ ತೊಳೆಯುತ್ತಿದ್ದೆವು.

ಹೇಂಟೆಗಳು ಬಂದವು. ಶೆಡ್ಡಿನ ಒಳಗೂ ಹೋಗಿ ತಿಂದವು. ಹುಂಜ ಮಾತ್ರ ಬಾಗಿಲ ಹತ್ತಿರ ಬಂದು ನಿಲ್ಲುತ್ತಿತ್ತು. ಒಳಗೆ ಕಾಲಿಡುತ್ತಿರಲಿಲ್ಲ. ಒಳಗೆ ಹೋದವು ಹೇಗೂ ಹೊರಗೆ ಬರುತ್ತವೆಂದು ಅದಕ್ಕೆ ಗೊತ್ತಿತ್ತು. ಬಾಯಮ್ಮ ಡಬ್ಬಿ ಉಜ್ಜಿ ಕರೆದರೆ ಗುಳಗುಳ ಎಂದು ಉತ್ತರ ಕೊಟ್ಟು ಅಲ್ಲೇ ಬಾಲ ಬಿಚ್ಚುತ್ತಿತ್ತು. ಈಸ್ಟರ್ ಹತ್ತಿರ ಹತ್ತಿರ ಬಂತು. ಹೊಲದ ಯಜಮಾನ ಟ್ರ್ಯಾಕ್ಟರ್ ನಿಲ್ಲಿಸಿ ನಮ್ಮನ್ನು ನೋಡಿ ಟೋಪಿ ಸರಿಮಾಡಿಕೊಂಡು ಹೋಗುತ್ತಿದ್ದ. ಬಾಯಮ್ಮನ ಮುಖ ದಿನೇ ದಿನೇ ಬಿಗಿಯಿತು. ತುಟಿ ಕಚ್ಚಿಕೊಂಡು, "ಹಿಡೀತೇನೆ. ಹಿಡಿಯದೆ ಬಿಡುವುದಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಶುಭ ಶುಕ್ರವಾರದ ಸಂಜೆ ಅನ್ನದ ಡಬ್ಬಿ ಕೊಡಲು ಬಂದ ಗಂಡಸರೆಲ್ಲ ಬಾಯಮ್ಮನ ಗೇಟಿನಲ್ಲಿ ಮಾತಿಗೆ ನಿಂತೆವು. ಮನೆ ಬಾಡಿಗೆ, ವೀಸಾ, ಕ್ರಿಕೆಟ್ಟು. ನಮ್ಮ ಮನೆಯಾಕೆ "ಬರ್ತೀರಾ?" ಎಂದು ಕರೆದಳು. "ಬಂದೆ" ಎಂದೆ, ಬರಲಿಲ್ಲ. ಮತ್ತೆ ಕರೆದಳು. ಮತ್ತೆ "ಬಂದೆ". ಅಷ್ಟರಲ್ಲಿ ಯಾರೋ ಹೆಂಗಸು ಅವಳ ಪುಳಿಯೋಗರೆಗೆ ಬೆಲ್ಲ ಜಾಸ್ತಿ ಎಂದರಂತೆ. ಇವಳು ಸೆರಗು ಸಿಕ್ಕಿಸಿ ಅವರ ಕಡೆ ಹೊರಟಳು. ನಾನು ಮಾತು ಅರ್ಧಕ್ಕೆ ಬಿಟ್ಟು ಅವಳ ಹಿಂದೆ ಓಡಿದೆ. ಬಾಯಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದರು.

"ಸಿಕ್ಕಿತು ಮಾರಾಯ! ಗಂಡಸನ್ನು ಕರೆಯುವುದೇ ದಂಡ. ಉತ್ತರ ಕೊಡ್ತಾನೆ, ಬರುವುದಿಲ್ಲ. ಯಜಮಾನಿಯನ್ನು ಕೆಣಕಬೇಕು. ಅವಳು ಹೊರಟ್ರೆ ಇವ ಬಂದೇ ಬರ್ತಾನೆ."

ಹೇಂಟೆಗಳಲ್ಲಿ ಒಂದು ಯಜಮಾನಿ ಇತ್ತು. ರೆಕ್ಕೆಯಲ್ಲಿ ಒಂದು ಬಿಳಿ ಗರಿ. ಉಳಿದವುಗಳನ್ನು ಕುಕ್ಕಿ ಅಂಕೆಯಲ್ಲಿಡುತ್ತಿದ್ದುದು ಅದೇ. ಶನಿವಾರ ಬೆಳಗ್ಗೆ ಹನಿ ಮಳೆ. ಶೆಡ್ಡಿನ ಬಾಗಿಲಿಗೆ ಹಗ್ಗ ಕಟ್ಟಿ, ಅದರ ತುದಿ ನನ್ನ ಕೈಗೆ ಕೊಟ್ಟು, ಬಾಯಮ್ಮ ಶೆಡ್ಡಿನ ಹಿಂಗೋಡೆಯ ತೂತಿನ ಹತ್ತಿರ ಡಬ್ಬಿ ಹಿಡಿದು ಕೂತರು. ನಾನು ಮನೆ ಕಾಯಿಸುವ ಎಣ್ಣೆಯ ಟ್ಯಾಂಕಿನ ಮರೆಯಲ್ಲಿ, ಅವರಿಗೆ ಕೈಗೆಟಕುವಷ್ಟು ಹತ್ತಿರ. ಶೆಡ್ಡಿನೊಳಗೆ ಒಂದಗುಳೂ ಅನ್ನವಿರಲಿಲ್ಲ. ಬಾಗಿಲಲ್ಲಿ ಮಾತ್ರ ಚೂರು ಚೆಲ್ಲಿದ್ದೆವು.

ಬಿಳಿ ಗರಿಯದು ಬಂದು ಕ್ಲಕ್ ಎಂದಿತು. ಒಳಗಿನಿಂದ ಬಂದಂತೆ ಬಾಯಮ್ಮನ ಡಬ್ಬಿಯೂ ಕ್ಲಕ್ ಎಂದಿತು. ಅದು ತಲೆ ಎತ್ತಿ ಎರಡು ಸಲ ಬೈಯಿತು. ಡಬ್ಬಿ ಎರಡು ಸಲ, ಇನ್ನೂ ಜೋರಾಗಿ ಬೈಯಿತು. ತನ್ನ ಮನೆಯಲ್ಲಿ ತನಗೇ ಎದುರುತ್ತರ ಕೊಡುವವಳು ಯಾರು! ಹೇಂಟೆ ಗರಿಯೆಲ್ಲ ಕೆದರಿಕೊಂಡು, ಅನ್ನವನ್ನು ತುಳಿದುಕೊಂಡೇ ಒಳಗೆ ನುಗ್ಗಿತು. ಡಬ್ಬಿ ಬೈಯುತ್ತಲೇ ಇತ್ತು, ಹೇಂಟೆ ಮೂಲೆ ಮೂಲೆ ಹುಡುಕುತ್ತಿತ್ತು, ಹೊರಗೆ ಬರುವ ಮಾತೇ ಇಲ್ಲ. ಉಳಿದವು ಜಗಳ ನೋಡಲು ಒಳಗೆ ಹೋದವು. ಹೊರಗೆ ಉಳಿದದ್ದು ಹುಂಜ ಒಂದೇ. ಬಾಲ ಮಡಚಿತು. ಅತ್ತ ನೋಡಿತು, ಇತ್ತ ನೋಡಿತು. ಒಂದು ಕಾಲು ಹೊಸ್ತಿಲ ಮೇಲಿಟ್ಟಿತು...

ಆಗಲೇ ನನ್ನ ಮೂಗಿಗೆ ಸುಣ್ಣದ ಪುಡಿ ಹೊಕ್ಕಿತು. ಮೂಗು ಒತ್ತಿ ಹಿಡಿದೆ. ಉಸಿರು ಕಟ್ಟಿದೆ. ತಡೆಯಲಾಗಲಿಲ್ಲ. ಇಡೀ ಹಿತ್ತಲು ಅದುರುವಂತೆ ಸೀನಿಬಿಟ್ಟೆ.

ಹುಂಜ ಕತ್ತು ಚಾಚಿ ಗುಳಗುಳಗುಳ ಎಂದು ಓಗೊಟ್ಟಿತು. ಬಾಯಮ್ಮನ ಬಾಯಿಂದ, ಅವರಿಗೇ ತಿಳಿಯದೆ, "ಜೆಜು!" ಎಂದು ಬಂತು. ಆ ದನಿ ಶೆಡ್ಡಿನ ಗೋಡೆಯ ಮೂಲಕ ಹಾದು ಒಳಗಿನಿಂದಲೇ ಬಂದಂತೆ ಕೇಳಿಸಿರಬೇಕು. ಹುಂಜ ಅದೇನು ನೆನೆಸಿಕೊಂಡಿತೋ ನನಗೆ ಗೊತ್ತಿಲ್ಲ. ನೆಟ್ಟಗೆ ನಡೆದು ಒಳಗೆ ಹೋಯಿತು. ನಾನು ಹಗ್ಗ ಎಳೆದೆ.

ಬಾಗಿಲು ಮುಚ್ಚಿದ ಮೇಲೆ ಹೋ ಎಂದು ಕೂಗಬೇಕೆಂದು ಎದ್ದೆ. ಬಾಯಮ್ಮ ಎದ್ದಿರಲಿಲ್ಲ. ಗೋಡೆಗೆ ಹಣೆ ಆನಿಸಿ ಅಳುತ್ತಿದ್ದರು. ಯಜಮಾನರ ಹೆಣದ ಮುಂದೆಯೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. "ಅವರು ಹೋದ ಮೇಲೆ ಆ ಮಾತು ಹೇಳಿರಲಿಲ್ಲ ಮಾರಾಯ. ಯಾರಿಗೆ ಹೇಳುವುದು?" ಎಂದರು. ನಾನು ಪಕ್ಕದಲ್ಲಿ ಒದ್ದೆ ನೆಲದ ಮೇಲೆಯೇ ಕೂತೆ. ನನಗೂ ಅಳು ಬಂತು. ಒಳಗೆ ಹೇಂಟೆ ಇನ್ನೂ ಬೈಯುತ್ತಿತ್ತು.

ಸೋಮವಾರ ಹೊಲದ ಯಜಮಾನ ಬಂದೂಕಿನ ಬದಲು ಒಂದು ಹೊರೆ ಒಣಹುಲ್ಲು ತಂದಿಳಿಸಿದ. ಬಾಯಮ್ಮ ಅವನಿಗೆ ಊಟ ಹಾಕಿದರು. ಆಮೇಲಿನ ಒಂದೆರಡು ವರ್ಷ ನಾನು ಸೀನಿದಾಗೆಲ್ಲ, ಹಗಲಾಗಲಿ ಸಂಜೆಯಾಗಲಿ, ಎರಡು ಮನೆ ದಾಟಿ ಗುಳಗುಳವೂ ಅದರ ಹಿಂದೆ "ಜೆಜು"ವೂ ಬರುತ್ತಿದ್ದವು. ಕೆಲವು ಸಲ ಬೇಕೆಂದೇ ಸೀನುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ಬಾಯಮ್ಮ ಹೋದದ್ದು ಒಂದು ಮಾರ್ಚಿನಲ್ಲಿ, ಹೆಚ್ಚು ನರಳದೆ. ಶವಪೆಟ್ಟಿಗೆಯನ್ನು ಕಾರಿಗೇರಿಸಿ ಬಾಗಿಲು ಹಾಕಿದ ಸದ್ದಿಗೆ ಶೆಡ್ಡಿನಿಂದ ಹುಂಜ ಕೂಗಿತು. ನೆರೆದವರಲ್ಲಿ ಕೆಲವರು ನಕ್ಕರು, ಪಾದ್ರಿಗಳೂ ನಕ್ಕರು. ನನಗೆ ನಗಲಾಗಲಿಲ್ಲ. ಕೋಳಿಗಳನ್ನು ಹೊಲದ ಯಜಮಾನನೇ ಒಯ್ದು ಸಾಕಿದ, ಡಬ್ಬಿ ನನ್ನ ಮಳೆಕೋಟಿನ ಜೇಬಿನಲ್ಲೇ ಉಳಿಯಿತು. ಹುಂಜ ವಯಸ್ಸಾಗಿ ಸತ್ತಿತೆಂದು ಒಮ್ಮೆ ಅವನೇ ಫೋನು ಮಾಡಿ ಹೇಳಿದ. ಅಷ್ಟರಲ್ಲಿ ನಾವು ಆ ಸಾಲು ಬಿಟ್ಟು ಬಂದಿದ್ದೆವು.

ಮೊನ್ನೆ ಡಬ್ಬಿಯ ಮುಚ್ಚಳ ಒಮ್ಮೆ ಎಳೆದು ನೋಡಿದೆ. ದನಿ ಸರಿಯಾಗಿ ಬರಲಿಲ್ಲ, ಬಾಗಿಲಿನಂತೆ ಕಿರುಗುಟ್ಟಿತು. ಸುಣ್ಣದ ಪುಡಿ ಎದ್ದು ಮೂಗಿಗೆ ಹೋಯಿತು. ಸೀನಿದೆ, ದೊಡ್ಡದಾಗಿಯೇ. ಮಗಳು ಫೋನಿನಿಂದ ಕಣ್ಣೆತ್ತದೆ "ಬ್ಲೆಸ್ ಯು, ಡ್ಯಾಡ್" ಎಂದಳು. ನಾನು ಕೈಯಲ್ಲಿ ಡಬ್ಬಿ ಹಿಡಿದು ಹಾಗೇ ನಿಂತಿದ್ದೆ. ಇನ್ನೆರಡು ಉತ್ತರ ಬರಬೇಕಿತ್ತು. ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ಸ್ವಲ್ಪ ಹೊತ್ತು ಕಾದೆ.